ಕ್ಯಾನೋ, ಕ್ಯಾಂಟೋ?

‘ಹಾಲಿವುಡ್ ಸಿನಿಮಾ ನೋಡ್ರೀ, ಇಂಗ್ಲಿಷ್ ತಾನಾಗೇ ಬರುತ್ತೆ’ ಅಂತ ಪುಕ್ಕಟೆ ಸಲಹೆ ಕೊಡುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಸಬ್‌ಟೈಟಲ್ ಆಫ್ ಮಾಡಿ, ರಿಮೋಟ್ ಕಿತ್ತಿಟ್ಟುಕೊಳ್ಳಬೇಕು. ಆಮೇಲೆ ಕಥೆ ಹೇಳಿ ಅನ್ನಬೇಕು. ಕಾರು ಹಾರಿತು, ಕಟ್ಟಡ ಬಿತ್ತು. ಅಷ್ಟೇ.

ಸಬ್‌ಟೈಟಲ್ ಹಾಕಿದರೋ, ಕಣ್ಣು ಕೆಳಗಿನ ಎರಡು ಸಾಲಿಗೆ ಅಂಟಿಕೊಂಡು ಕಿವಿ ರಜೆ ಹಾಕುತ್ತೆ. ಅದರಲ್ಲೂ ಪೂರ್ತಿ ಮಾತು ಇರಲ್ಲ. ಓದಲು ಪುರುಸೊತ್ತು ಸಿಗಲಿ ಅಂತ ‘ವೆಲ್’, ‘ಯು ನೋ’, ‘ಐ ಮೀನ್’ಗಳಿಗೆ ಕತ್ತರಿ ಬಿದ್ದಿರುತ್ತೆ. ಆಡುಮಾತಿನ ಜೀವ ಇರೋದೇ ಆ ಚೂರುಪಾರಲ್ಲಿ! ಟೀವಿ ಚಾನೆಲ್ಲಾದರೆ ಇನ್ನೂ ಚೆಂದ: ಕಲಿಯಬೇಕಾದ ಸ್ಲ್ಯಾಂಗೇ ಮ್ಯೂಟ್, ಕೆಳಗೆ ನಕ್ಷತ್ರಗಳು.

ಎಲ್ಲಕ್ಕಿಂತ ದೊಡ್ಡ ಮೋಸ ‘ಕ್ಯಾಂಟ್’ನದು. ಅಮೆರಿಕದವರು ಅದರ ಕೊನೆಯ ‘ಟ್’ ಅನ್ನು ಗಂಟಲಲ್ಲೇ ನುಂಗುತ್ತಾರೆ. ನಾವು ರಾತ್ರಿ ಕೊನೇ ಬಸ್ಸಿಗೆ ಕಾದಂತೆ ಆ ‘ಟ್’ಗೆ ಕಾಯುತ್ತೇವೆ. ಬರಲ್ಲ. ಹೀರೋ ಬರ್ತೀನಿ ಅಂದ ಅಂದುಕೊಂಡರೆ ಮುಂದಿನ ಸೀನಲ್ಲಿ ನಾಯಕಿ ಅಳ್ತಾ ಕೂತಿರ್ತಾಳೆ. 10 ಸೆಕೆಂಡ್ ಹಿಂದಕ್ಕೆ. ಮತ್ತೆ ‘ಕ್ಯಾನ್’. ವಾಲ್ಯೂಮ್ ಏರಿಸಿದರೂ ‘ಕ್ಯಾನ್’. ಪಕ್ಕದ ಮನೆಯವರು ಗೋಡೆ ಕುಟ್ಟುತ್ತಾರೆ, ನಾಯಕಿ ಮೂರನೇ ಸಲ ಅಳುತ್ತಾಳೆ. ಹಿಡಿಯಬೇಕಾದ್ದು ‘ಟ್’ ಅನ್ನಲ್ಲ, ‘ಕ್ಯಾ’ದೊಳಗಿನ ಸ್ವರವನ್ನು. ಆಗುತ್ತೆ ಅನ್ನುವಾಗ ‘ಕ್ಯಾನ್’ ಮುದುಡಿ ‘ಕನ್’ ಆಗುತ್ತೆ: ‘ಐ ಕನ್ ಕಮ್’, ಒತ್ತು ‘ಕಮ್’ ಮೇಲೆ. ನಡುವಾಕ್ಯದಲ್ಲಿ ‘ಕ್ಯಾ’ ಅಗಲವಾಗಿ, ಒತ್ತಿ ಕೇಳಿಸಿತೋ, ಬಹುಪಾಲು ಅವನು ಬರಲ್ಲ.

‘ಗೋಯಿಂಗ್ ಟು’ ಸವೆದು ‘ಗೊನ್ನ’ ಆಗೋದು ಮುಂದೆ ಕ್ರಿಯಾಪದ ಇದ್ದಾಗ ಮಾತ್ರ. ‘ಐಯಾಮ್ ಗೊನ್ನ ಈಟ್’ ಸರಿ. ‘ಐಯಾಮ್ ಗೊನ್ನ ಮಾರ್ಕೆಟ್’ ಅಂತ ಗತ್ತಿನಿಂದ ಹೊರಡುವವರನ್ನು ದೇವರೇ ಕಾಪಾಡಬೇಕು. ಆಶ್ಚರ್ಯಕ್ಕೆ ‘ಶಟ್ ಅಪ್!’ ಅನ್ನೋದು ಗೆಳೆಯರ ನಡುವೆ ನಡೆಯುತ್ತೆ. ಸಂಬಳ ಎಷ್ಟು ಅಂತ ಹೇಳಿದ ಎಚ್‌ಆರ್ ಎದುರು ಅಂದರೆ ಸಂದರ್ಶನ ಅಲ್ಲಿಗೇ ಪ್ಯಾಕಪ್.

ಪಾಪ, ಕನ್ನಡ ಮೀಡಿಯಂ ಮಕ್ಕಳು. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಅಂತ ತಪ್ಪಿಲ್ಲದ ರಜಾಚೀಟಿ ಬರೆದವರು, ರಾವಣನನ್ನು ಪ್ಯಾಸಿವ್ ವಾಯ್ಸಿನಲ್ಲೂ ಕೊಂದವರು. ಪುಸ್ತಕದ ‘ಹೋಗುತ್ತಿದ್ದೇನೆ’ ಬಾಯಲ್ಲಿ ‘ಹೋಗ್ತಿದೀನಿ’ ಆಗೋದು ಹುಟ್ಟಿನಿಂದ ಗೊತ್ತು. ಇಂಗ್ಲಿಷಿಗೂ ಅಂಥದೊಂದು ಬಾಯಿ ಇದೆ ಅಂತ ಅವರಿಗೆ ಯಾವ ಮೇಷ್ಟ್ರೂ ಹೇಳಲಿಲ್ಲ.

ಕಲಿಯಲೇಬೇಕಾದರೆ ಇಡೀ ಸಿನಿಮಾ ಬಿಡಿ. ಅಡುಗೆಮನೆಯದೋ ಆಫೀಸಿನದೋ ಎರಡು ನಿಮಿಷದ ಸೀನು ಸಾಕು. ರಾಜರಾಣಿ, ಅನ್ಯಗ್ರಹ ಬೇಡ. ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಮತ್ತೆ ತೆಗೆದು, ಪಾತ್ರದ ಜೊತೆಜೊತೆಗೇ ಗಟ್ಟಿಯಾಗಿ ಹೇಳಿ. ಗಂಡ ಹೆಂಡತಿ ಜಗಳದ ಸೀನಾದರೆ ಮನೆಯವರಿಗೆ ಮೊದಲೇ ತಿಳಿಸಿಬಿಡಿ.