ಅಳತೆ ತೆಗೆಯದೆ ಹೊಲಿದುಕೊಟ್ಟ ಮ್ಯಾಪ್

ನನ್ನ ಬೈಕಿಗೆಂದೇ ಮ್ಯಾಪ್ (ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ಹೇಳುವ ಫೈಲ್) ಬರೆದುಕೊಡುತ್ತೇನೆ ಎಂದು 22,000 ರೂಪಾಯಿ ತೆಗೆದುಕೊಂಡ ಟ್ಯೂನರ್ ಇನ್ನಾರದೋ ಬೈಕಿನ ಫೈಲನ್ನು ಅದಕ್ಕೆ ತುಂಬಿ ಕಳುಹಿಸಿದ್ದಾನೆ. ಮೂರು ವಾರದಿಂದ ಹೊಟ್ಟೆ ಉರಿಯುತ್ತಿದೆ. ಇಂದು ಬರೆಯದೆ ಬಿಡುವುದಿಲ್ಲ.

ರೇಸಿನ ಹುಚ್ಚು ನನಗಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ಮಿತಿಯ ನಿಯಮ ಬಂದ ಮೇಲೆ ಬೈಕುಗಳ ಇಂಧನದ ಲೆಕ್ಕ ಬಹಳ ಬಿಗಿಯಾಯಿತು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ತೂಕದಲ್ಲಿ ಒಂದು ಪಾಲು ಬೆರಕೆಯಿಲ್ಲದ ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಕಂಪನಿ ಆ ಲೆಕ್ಕ ಮೀರುವಂತಿಲ್ಲ, ಅದು ಸರಿಯೇ. ಆದರೆ ನನ್ನದು ದೊಡ್ಡ ಒಂಟಿ ಸಿಲಿಂಡರಿನ ಎಂಜಿನ್. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಥ್ರಾಟಲ್ ಕೂದಲೆಳೆಯಷ್ಟು ತಿರುಗಿಸಿದರೂ ಗಕ್ಕನೆ ಜಗ್ಗುತ್ತಿತ್ತು, ಬಿಟ್ಟರೆ ಮುಗ್ಗರಿಸುತ್ತಿತ್ತು. ದಿನವೂ ಒಂದೂವರೆ ಗಂಟೆ ಕ್ಲಚ್ ಹಿಡಿದು ಎಡ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಕನ್ವರ್ಟರ್ ತೆಗೆಯುವುದು ಬೇಡ, ವೇಗ ಹೆಚ್ಚಿಸುವುದೂ ಬೇಡ, ಈ ಜಗ್ಗಾಟ ನಿಲ್ಲಲಿ ಎಂದಷ್ಟೇ ಕೇಳಿದ್ದೆ. ವಾರಂಟಿ ಹೋಗುತ್ತದೆ ಎಂಬುದು ತಿಳಿದಿದ್ದೂ ಒಪ್ಪಿಕೊಂಡಿದ್ದೆ.

ಮ್ಯಾಪ್ ಎಂದರೆ ಒಂದು ಕೋಷ್ಟಕ. ಒಂದು ಬದಿಗೆ ಎಂಜಿನ್ನಿನ ಸುತ್ತುಗಳು, ಇನ್ನೊಂದು ಬದಿಗೆ ಥ್ರಾಟಲ್ ಎಷ್ಟು ತೆರೆದಿದೆ ಎಂಬುದು. ಒಂದೊಂದು ಮನೆಯಲ್ಲೂ ಎಷ್ಟು ಪೆಟ್ರೋಲ್ ಎಂದು ಬರೆದಿರುತ್ತದೆ, ಕಿಡಿ ಯಾವಾಗ ಹಾರಬೇಕು ಎಂಬುದಕ್ಕೆ ಇಂಥದೇ ಇನ್ನೊಂದು ಕೋಷ್ಟಕ. ನಿಜವಾಗಿ ಅಳತೆ ತೆಗೆಯುವವರು ಬೈಕನ್ನು ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಕಟ್ಟಿ, ಗಾಳಿ-ಇಂಧನದ ಪಾಲು ಅಳೆಯುವ ಸೆನ್ಸರನ್ನು ಸೈಲೆನ್ಸರಿನೊಳಗೆ ತೂರಿಸಿ, ಥ್ರಾಟಲನ್ನು ಶೇ 5, ಶೇ 10, ಶೇ 20 ಎಂದು ಒಂದೊಂದೇ ಕಡೆ ಹಿಡಿದು ನಿಲ್ಲಿಸಿ ಮನೆ ಮನೆಯನ್ನೂ ತಿದ್ದುತ್ತಾರೆ. ಅರ್ಧ ದಿನದ ಕೆಲಸ ಅದು, ಕೆಲವೊಮ್ಮೆ ಇಡೀ ದಿನ.

ಇವನು ಮಾಡಿದ್ದೇನು? ಮೂರು ಸಲ ಥ್ರಾಟಲ್ ಪೂರ್ತಿ ತಿರುಗಿಸಿದ. ಕಿವಿ ಕಿತ್ತುಹೋಗುವಂತೆ ಸದ್ದು ಬಂತು, ನಾನು ಮೆಚ್ಚಿ ವಿಡಿಯೊ ಮಾಡಿಕೊಂಡೆ. ಸೈಲೆನ್ಸರಿನೊಳಗೆ ಇರಬೇಕಾದ ಸೆನ್ಸರ್ ಗೋಡೆಯ ಮೊಳೆಗೆ ನೇತುಹಾಕಿದ್ದು ಹಾಗೆಯೇ ಇತ್ತು. ಈಗ ಆ ವಿಡಿಯೊ ನೋಡಿದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಆ ಮೊಳೆ. ಊರೊಳಗೆ ಥ್ರಾಟಲನ್ನು ಕಾಲು ಭಾಗಕ್ಕಿಂತ ಹೆಚ್ಚು ತೆರೆಯುವವರು ಯಾರು? ಕೋಷ್ಟಕದಲ್ಲಿ ನಾನು ದಿನವಿಡೀ ಓಡಾಡುವ ಮನೆಗಳನ್ನು ಅವನು ಮುಟ್ಟಲೇ ಇಲ್ಲ. ಯಾವ ಪೆಟ್ರೋಲ್ ಹಾಕಿಸುತ್ತೀರಿ ಎಂದೂ ಕೇಳಲಿಲ್ಲ. ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತದ್ದು, ಎಥೆನಾಲ್ ಹೆಚ್ಚಿದಷ್ಟೂ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಮ್ಯಾಪ್ ಬರೆಯುವವನು ಮೊದಲು ಕೇಳಬೇಕಾದ ಪ್ರಶ್ನೆಯಲ್ಲವೇ ಅದು? ನಲವತ್ತೇ ನಿಮಿಷದಲ್ಲಿ ಎಂಜಿನ್ನಿನ ಶಕ್ತಿ ತೋರಿಸುವ ಒಂದು ಗ್ರಾಫ್ ಹಾಳೆ ಕೈಗಿಟ್ಟು, ‘ಆಯಿತು ಸರ್’ ಎಂದ.

ಮರುವಾರ ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ನಿನೊಳಗಿಂದ ಗೋಲಿ ಅಲುಗಾಡಿಸಿದಂತೆ ಕಟಕಟ ಸದ್ದು ಶುರುವಾಯಿತು. ಕಿಡಿ ಹೊತ್ತಿಗೆ ಮುಂಚೆಯೇ ಹಾರುವಂತೆ ಇಟ್ಟರೆ ಬರುವ ಸದ್ದು ಅದು. ಹಾಗೆಯೇ ಬಿಟ್ಟರೆ ಪಿಸ್ಟನ್ನೇ ಹಾಳಾಗುತ್ತದೆ. ತಿರುವಿನ ಪಕ್ಕದಲ್ಲಿ ಬೈಕ್ ನಿಲ್ಲಿಸಿ ಅರ್ಧ ಗಂಟೆ ಕುಳಿತೆ.

ಅದೇ ಮಾದರಿಯ ಬೈಕ್ ಇರುವ ಗೆಳೆಯನೊಬ್ಬ ಆರು ತಿಂಗಳ ಹಿಂದೆ ಅಲ್ಲಿಯೇ ಮ್ಯಾಪ್ ಮಾಡಿಸಿದ್ದ. ಅವನದು ಹೊರಗಿನಿಂದ ತಂದು ಹಾಕಿಸಿದ ಸೈಲೆನ್ಸರ್, ನನ್ನದು ಶೋರೂಮಿನಿಂದ ಬಂದದ್ದೇ. ಅವನ ಹಾಳೆ ತರಿಸಿಕೊಂಡೆ. ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಗಿನ ಬಿಸಿಲಿಗೆ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಗೆರೆಯ ಮೇಲೆ ಗೆರೆ ಕೂತಿತು. ನಡುವೆ ಒಂದು ಕಡೆ ಗೆರೆ ಚಿಕ್ಕದಾಗಿ ತಗ್ಗಿ ಏಳುತ್ತದೆ, ಅದೂ ಅಲ್ಲಿಯೇ ಇದೆ. ಬೇರೆ ಸೈಲೆನ್ಸರ್, ಬೇರೆ ದಿನ, ಬೇರೆ ಹವೆ. ಆದರೂ ಹಾಳೆಯಲ್ಲಿ ಬದಲಾದದ್ದು ಹೆಸರು, ತಾರೀಕು ಮಾತ್ರ. ಅಂದರೆ ಅವನು ಕೊಟ್ಟ ಗ್ರಾಫ್ ಕೂಡ ನನ್ನ ಬೈಕಿನದಲ್ಲ.

ಫೋನ್ ಮಾಡಿದರೆ, ‘ಎಲ್ಲರಿಗೂ ಇದನ್ನೇ ಹಾಕುವುದು ಸರ್, ಯಾರೂ ದೂರು ಹೇಳಿಲ್ಲ’ ಎನ್ನುತ್ತಾನೆ. ಎಲ್ಲರಿಗೂ ಅದನ್ನೇ ಹಾಕುವುದಾದರೆ ಸಿದ್ಧ ಫೈಲಿನ ಬೆಲೆ ಹೇಳಬೇಕಿತ್ತು. ಅಳತೆ ಕೊಟ್ಟು ಹೊಲಿಸುವ ಕೂಲಿ ಕಸಿದುಕೊಂಡು ರೆಡಿಮೇಡ್ ಅಂಗಿ ತೊಡಿಸುವುದು ಮೋಸ, ಅದಕ್ಕೆ ಬೇರೆ ಹೆಸರಿಲ್ಲ.

ಇನ್ನೊಬ್ಬ ಟ್ಯೂನರ್ ಬಳಿ ಒಯ್ದರೆ ಮ್ಯಾಪ್ ಕೂತಿರುವ ಇಸಿಯುಗೆ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಮೊದಲಿನವನು ಬೀಗ ಜಡಿದಿದ್ದಾನೆ ಎಂದರು. ನನ್ನದೇ ಬೈಕಿನೊಳಗೆ ಏನಿದೆ ಎಂದು ನಾನೇ ಓದುವಂತಿಲ್ಲ! ಕಂಪನಿಯ ಮೂಲ ಫೈಲನ್ನು ಕೆಲಸಕ್ಕೆ ಮುಂಚೆ ತೆಗೆದಿಟ್ಟಿದ್ದೇನೆ ಎಂದು ಆ ಮೊದಲಿನವನೇ ಹೇಳಿದ್ದ, ಈಗ ಕೇಳಿದರೆ ‘ಹುಡುಕಬೇಕು’ ಎನ್ನುತ್ತಾನೆ. ಬಿಲ್ಲನ್ನೂ ಕೊಟ್ಟಿಲ್ಲ. ಯುಪಿಐನಲ್ಲಿ ಹಣ ಕಳುಹಿಸಿದ ದಾಖಲೆ ಮಾತ್ರ ನನ್ನ ಬಳಿ ಭದ್ರವಾಗಿದೆ.

ಶನಿವಾರ ಎರಡೂ ಹಾಳೆ ಹಿಡಿದು ಹೋಗುತ್ತಿದ್ದೇನೆ, ಗೆಳೆಯನೂ ಬರುತ್ತಾನೆ. ಹಣದ ಮಾತು ಆಮೇಲೆ. ಮೊದಲು ಬೀಗ ತೆಗೆದು ನನ್ನ ಮೂಲ ಫೈಲನ್ನು ನನ್ನ ಕಣ್ಣೆದುರೇ ಬೈಕಿಗೆ ಹಾಕಬೇಕು.