ಕಥೆ ಏನು ಅಂತ ಮಾತ್ರ ಕೇಳಬೇಡಿ

ಓದುವ ಹುಚ್ಚಿನವರು ನಾಲ್ಕು ಜನ ಸೇರಿದರೆ ‘ಈಚೆಗೆ ಏನು ಓದಿದೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸಾಮಾಜಿಕ ಕಾದಂಬರಿ ಓದಿದವರಿಗೆ ಉತ್ತರ ಸಲೀಸು. ಅಣ್ಣತಮ್ಮಂದಿರ ಆಸ್ತಿ ಜಗಳ, ಊರು ಬಿಟ್ಟು ಹೋದ ಮಗ ಅಂದರೆ ಸಾಕು, ಎದುರಿಗಿದ್ದವರು ತಲೆಯಾಡಿಸುತ್ತಾರೆ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದುವವರ ಪಾಡು ಬೇರೆ. ಅರ್ಧ ಹೇಳಿದರೆ ತಲೆ ಕೆಟ್ಟವರ ಹಾಗೆ ಕಾಣುತ್ತೇವೆ, ಪೂರ್ತಿ ಹೇಳಿದರೆ ಗುಟ್ಟು ರಟ್ಟು.

ಸುಸಾನಾ ಕ್ಲಾರ್ಕ್ 2020ರಲ್ಲಿ ಬರೆದ ‘ಪಿರನೇಸಿ’ಯನ್ನೇ ನೋಡಿ. ಕೊನೆಯೇ ಇಲ್ಲದ ಒಂದು ಮನೆ. ಹಜಾರ ದಾಟಿದರೆ ಇನ್ನೊಂದು ಹಜಾರ, ಎಲ್ಲೆಲ್ಲೂ ಕಲ್ಲಿನ ಮೂರ್ತಿಗಳು, ಕೆಳಗಿನ ಅಂತಸ್ತಿನಲ್ಲಿ ಸಮುದ್ರ. ಅಲ್ಲೊಬ್ಬ ಉಬ್ಬರವಿಳಿತದ ಲೆಕ್ಕ ಬರೆದಿಡುತ್ತಾ ಖುಷಿಯಾಗಿದ್ದಾನೆ. ‘ಆಮೇಲೆ?’ ಅಂದರೆ ನನ್ನ ಬಾಯಿ ಕಟ್ಟುತ್ತದೆ. ‘ಸುಮ್ನೆ ಓದು, ದಪ್ಪ ಪುಸ್ತಕವೇನಲ್ಲ’ ಎಂದು ಜಾರಿಕೊಳ್ಳುತ್ತೇನೆ. ಆಂಡಿ ವೀರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ಯದೂ ಇದೇ ಕಥೆ. ಒಬ್ಬ ಸೈನ್ಸ್ ಮೇಷ್ಟ್ರು ಬಾಹ್ಯಾಕಾಶ ನೌಕೆಯಲ್ಲಿ ಕಣ್ಣು ಬಿಡುತ್ತಾನೆ, ತನ್ನ ಹೆಸರೂ ನೆನಪಿಲ್ಲ. ಅದರಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟವಾದ ಪಾತ್ರದ ಬಗ್ಗೆ ಒಂದಕ್ಷರ ಆಡುವಂತಿಲ್ಲ!

ಲಿಯು ಸಿಶಿನ್ ಅವರ ‘ತ್ರೀ ಬಾಡಿ ಪ್ರಾಬ್ಲಂ’ ಕೊಟ್ಟರೆ ಬರುವ ದೂರೇ ಬೇರೆ. ಶುರುವಿನಲ್ಲೇ ಚೀನಾದ ಸಾಂಸ್ಕೃತಿಕ ಕ್ರಾಂತಿ. ಫಿಸಿಕ್ಸ್ ಪ್ರೊಫೆಸರ್ ಒಬ್ಬರನ್ನು ಜನರೆದುರೇ ಹೊಡೆದು ಕೊಲ್ಲುತ್ತಾರೆ. ‘ಏಲಿಯನ್ ಎಲ್ಲಿ ಮಾರಾಯಾ?’ ಎಂದು ಗೆಳೆಯ ಫೋನ್ ಮಾಡಿದ. 2008ರ ಚೀನೀ ಪುಸ್ತಕದಲ್ಲಿ ಆ ಭಾಗ ಮಧ್ಯದಲ್ಲೆಲ್ಲೋ ಇತ್ತು. 2014ರ ಇಂಗ್ಲಿಷ್ ಅನುವಾದದಲ್ಲಿ, ಲೇಖಕರ ಇಷ್ಟದಂತೆಯೇ, ಮೊದಲಿಗೆ ಬಂತು. ನನ್ನ ಕೇಳಿದರೆ ಅದೇ ಸರಿ. ಆ ಪ್ರೊಫೆಸರ ಮಗಳು ಅದನ್ನು ಕಣ್ಣಾರೆ ನೋಡಿರುವುದರಿಂದಲೇ ಮುಂದೆ ಅವಳು... ನೋಡಿ, ಹೇಳಿಯೇಬಿಡುತ್ತಿದ್ದೆ.

ಯಕ್ಷಗಾನದಲ್ಲಿ ಈ ರಗಳೆಯೇ ಇಲ್ಲ ಅಲ್ವಾ? ಭೀಷ್ಮ ಬೀಳುತ್ತಾನೆ ಅಂತ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ತನಕ ಕೂರುತ್ತೇವೆ. ಭೀಷ್ಮ ಯಾರು ಮಾಡುತ್ತಾರೆ, ಅರ್ಥ ಹೇಗೆ ಹೇಳುತ್ತಾರೆ ಅನ್ನುವುದಷ್ಟೇ ಅಲ್ಲಿ ಮುಖ್ಯ. ಈ ಪುಸ್ತಕಗಳಲ್ಲಿ ಹಾಗಲ್ಲ. ಆ ಲೋಕ ಹೇಗೆ ನಡೆಯುತ್ತದೆ ಎಂದು ನಾವೇ ತಡಕಾಡಿ ಕಂಡುಕೊಳ್ಳುವುದರಲ್ಲೇ ಮುಕ್ಕಾಲು ಮಜಾ ಇದೆ.

ಹಾಗಾಗಿ ನೆಂಟರಿಷ್ಟರ ಮಧ್ಯೆ ಸಿಕ್ಕಿಬಿದ್ದಾಗ ಈಚಿನದನ್ನೆಲ್ಲ ಬಿಟ್ಟು ಒಂದು ಹಳೇ ಕಥೆ ಹೇಳುತ್ತೇನೆ. 1896ರಲ್ಲಿ ಒಂದು ಕೂದಲೆಣ್ಣೆಯ ಕಂಪನಿ ನಡೆಸಿದ ಕಥಾಸ್ಪರ್ಧೆಗೆ ವಿಜ್ಞಾನಿ ಜಗದೀಶಚಂದ್ರ ಬೋಸ್ ಬಂಗಾಳಿಯಲ್ಲಿ ಬರೆದು ಬಹುಮಾನ ಗೆದ್ದ ಕಥೆ. ಕಲ್ಕತ್ತಾಕ್ಕೆ ಚಂಡಮಾರುತ ಬರುತ್ತದೆ ಅಂತ ಎಲ್ಲರೂ ಕಾದರು, ಬರಲೇ ಇಲ್ಲ. ವಿಜ್ಞಾನಿಗಳು ತಲೆ ಕೆರೆದುಕೊಂಡರು. ನಡೆದದ್ದು ಇಷ್ಟೇ. ಜ್ವರ ಬಂದು ಕೂದಲು ಉದುರಿದ ಒಬ್ಬ ಹಡಗಿನಲ್ಲಿ ಹೋಗುತ್ತಿದ್ದ. ತನ್ನ ತಲೆಗೆ ಅಂತ ತಂದಿದ್ದ ಎಣ್ಣೆಯನ್ನು ಅಲೆಗಳ ಮೇಲೆ ಸುರಿದುಬಿಟ್ಟ. ಎಣ್ಣೆಯ ಪದರ ನೀರಿನ ಮೇಲೆ ಹರಡಿದರೆ ಅಲೆ ತಗ್ಗುವುದು ನಿಜವೇ. ಚಂಡಮಾರುತ ನಿಲ್ಲಿಸಿದ್ದು ಮಾತ್ರ ಬೋಸರ ತುಂಟತನ.

ಪೂರ್ತಿ ಹೇಳಿದರೂ ಈ ಕಥೆ ಕೆಡುವುದಿಲ್ಲ. ಹೋದ ಸಲ ಇಷ್ಟನ್ನೂ ಹೇಳಿ, ಹೇಗಿದೆ ಅಂತ ಚಿಕ್ಕಮ್ಮನ ಮುಖ ನೋಡಿದೆ. ಅವರು ಕೇಳಿದ್ದು ಒಂದೇ: ‘ಆ ಎಣ್ಣೆ ಈಗ್ಲೂ ಸಿಗ್ತದಾ?’