ಸಾರು ಮಾತ್ರ ಉಂಟು

ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ದಾವಣಗೆರೆಯಿಂದ ನಮ್ಮ ಮನೆಗೆ ಬಂದಿಳಿದ ದಿನವೇ ನಲ್ಲಿ ನಿಂತಿತು. 2019ರ ಮೇ ತಿಂಗಳು. ನೇತ್ರಾವತಿ ಸೊರಗಿ, ತುಂಬೆ ಡ್ಯಾಮಿನಲ್ಲಿ ನೀರು ಕೆಳಗಿಳಿದು, ಮಂಗಳೂರಿಗೆ ಸರದಿ ಮೇಲೆ ನೀರು ಬಿಡುತ್ತಿದ್ದ ಕಾಲ. ಧರ್ಮಸ್ಥಳದಲ್ಲೂ ನೀರಿಗೆ ಕಷ್ಟವಾಗಿ, ಸ್ವಲ್ಪ ದಿನ ಬಿಟ್ಟು ಬನ್ನಿ ಎಂದು ಭಕ್ತರಿಗೇ ಹೇಳಿದ್ದರು. ಭಕ್ತರಿಗೆ ಹೇಳಬಹುದು. ನೆಂಟರಿಗೆ ಹೇಳಲಿಕ್ಕಾಗುತ್ತದಾ?

ಮನೆಯಲ್ಲಿ ಒಟ್ಟು ಎಂಟು ಜನ. ಮೂರನೇ ದಿನ ಅಮ್ಮ ಲೆಕ್ಕ ಹಾಕಿ, ಸ್ನಾನಕ್ಕೆ ತಲೆಗೆ ಅರ್ಧ ಬಕೆಟ್ ಎಂದು ಘೋಷಿಸಿದರು. ಅಕ್ಕನ ಮಗ ಎಂಟನೇ ಕ್ಲಾಸು. ಬೆವರು ಹೇಗೆ ಹರಿಯುತ್ತದೆ ಅನ್ನುವುದನ್ನು ಅವನು ಮಂಗಳೂರಿಗೆ ಬಂದ ಮೇಲೆಯೇ ಕಲಿತದ್ದು. ‘ಮಾವಾ, ಇಲ್ಲಿ ಎಲ್ಲೂ ನೀರೇ ಇಲ್ವಾ?’ ಅಂತ ಕೇಳಿದ. ಆಗ ನನಗೆ ಪಿಲಿಕುಳದ ವಾಟರ್ ಪಾರ್ಕು ನೆನಪಾಯಿತು. ಟಿಕೆಟ್ ತೆಗೆದುಕೊಂಡು ಮಕ್ಕಳಿಗೆ ಸ್ನಾನ ಮಾಡಿಸಿಕೊಂಡು ಬರುವುದು. ಇದಕ್ಕಿಂತ ಒಳ್ಳೆಯ ಉಪಾಯ ಆ ವಾರ ಯಾರ ತಲೆಗೂ ಹೊಳೆದಿರಲಿಲ್ಲ.

ಹಿಂದಿನ ರಾತ್ರಿ ಹೆಂಡತಿ ಹೇಳಿದಳು, ‘ನಾಳೆಗೆ ಸ್ವಲ್ಪ ಮೊಸರನ್ನ ಕಲಸಿಕೊಳ್ತೇನೆ. ಮಾವಿನಮಿಡಿ ಹೇಗೂ ಉಂಟು.’

ನನಗೆ ಅವಮಾನವಾಯಿತು. ‘ಮಂಗಳೂರಲ್ಲಿದ್ದುಕೊಂಡು ಬುತ್ತಿ ಕಟ್ಟಿಕೊಂಡು ಹೋಗುವುದಾ? ಜನ ಎಲ್ಲೆಲ್ಲಿಂದಲೋ ಇಲ್ಲಿಗೆ ಮೀನು ತಿನ್ನಲಿಕ್ಕೆ ಬರ್ತಾರೆ. ನಂಗೆ ಒಂದು ಜಾಗ ಗೊತ್ತುಂಟು.’

ಈ ಕೊನೆಯ ವಾಕ್ಯವನ್ನು ನಾನು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತೇನೆ. ಹೇಳಿದ ಪ್ರತಿಸಲವೂ ಯಾರಾದರೊಬ್ಬರು ಉಪವಾಸ ಬಿದ್ದಿದ್ದಾರೆ.

ಭಾವನಿಗೆ ಮಾತ್ರ ಕಣ್ಣು ಹೊಳೆಯಿತು. ಅವರು ಹುಟ್ಟಿದ್ದು ಪುತ್ತೂರಿನಲ್ಲಿ, ಬ್ಯಾಂಕಿನ ಕೆಲಸಕ್ಕೆ ಸಿಕ್ಕಿ ದಾವಣಗೆರೆ ಸೇರಿದವರು. ಬೆಣ್ಣೆ ದೋಸೆಯ ಮೇಲೆ ಅವರಿಗೆ ದ್ವೇಷವೇನಿಲ್ಲ. ಆದರೆ ಮೀನಿನ ಸುದ್ದಿ ಬಂದರೆ ಮನುಷ್ಯ ಕುಗ್ಗಿ ಹೋಗುತ್ತಾರೆ. ‘ಜೂನ್ 1ರಿಂದ ಟ್ರಾಲ್ ಬೋಟು ನಿಲ್ತದೆ ಮಾರಾಯ. ಮತ್ತೆ ಜುಲೈ 31ರವರೆಗೆ ಕಡಲಿಗೆ ಇಳಿಯುವ ಹಾಗಿಲ್ಲ. ಈಗ ತಿಂದರೆ ತಿಂದ ಹಾಗೆ’ ಅಂತ ಕೈ ಹಿಸುಕಿಕೊಂಡರು. ಗುರುಪುರ ಸೇತುವೆ ದಾಟಿದ ಮೇಲೆ ಒಂದು ಮನೆಯ ಜಗಲಿಯಲ್ಲಿ ನಾಲ್ಕು ಬೆಂಚು ಹಾಕಿದ ಹೋಟೆಲು, ಕುಚ್ಚಲು ಅನ್ನ, ಬಂಗುಡೆ ಪುಳಿಮುಂಚಿ, ಬಾಳೆ ಎಲೆಯ ತುದಿಯಲ್ಲಿ ಒಂದು ರವಾ ಫ್ರೈ. ನಾನು ವರ್ಣಿಸುತ್ತಾ ಹೋದೆ. ಭಾವ ಎರಡು ಸಲ ನೀರು ಕುಡಿದರು. ಅಮ್ಮ ಒಳಗಿನಿಂದ, ‘ನೀರು ನೋಡಿಕೊಂಡು ಕುಡಿಯಿರಿ’ ಅಂದರು.

ಮರುದಿನ ಶನಿವಾರ. ಅಮ್ಮ ಮನೆ ಕಾಯಲಿಕ್ಕೆ ಉಳಿದರು. ಉಳಿದ ಏಳು ಜನ ನನ್ನ ಹಳೆಯ ಓಮ್ನಿಯಲ್ಲಿ ತುಂಬಿಕೊಂಡೆವು. ಓಮ್ನಿಗೆ ನೆಂಟರ ಲೆಕ್ಕ ಇಲ್ಲ, ಎಷ್ಟು ಜನ ಬಂದರೂ ನುಂಗುತ್ತದೆ. ಕುಲಶೇಖರ ದಾಟಿ ವಾಮಂಜೂರಿನ ಹತ್ತಿರ ಬರುವಾಗ ಭಾವ ಮಕ್ಕಳಿಗೆ ತುಳು ಪಾಠ ಶುರು ಮಾಡಿದರು. ಪಿಲಿ ಅಂದರೆ ಹುಲಿ, ಕುಳ ಅಂದರೆ ಕೊಳ. ಹಿಂದೆ ಹುಲಿಗಳು ನೀರು ಕುಡಿಯಲಿಕ್ಕೆ ಬರುತ್ತಿದ್ದ ಜಾಗ. ಈಗ ಹುಲಿಗಳು ಅಲ್ಲೇ ಪಕ್ಕದ ಮೃಗಾಲಯದಲ್ಲಿ ಬೇಲಿಯ ಒಳಗಿವೆ, ನೀರಿಗೆ ನಾವು ಬರುತ್ತೇವೆ.

ನನ್ನ ಪ್ಲಾನು ಸರಳವಾಗಿತ್ತು. ಹನ್ನೊಂದಕ್ಕೆ ಒಳಗೆ, ಒಂದು ಗಂಟೆಗೆ ಹೊರಗೆ, ಒಂದೂವರೆಗೆ ಎಲೆ ಮುಂದೆ. ಹೆಂಡತಿಯೂ ಅಕ್ಕನೂ, ‘ನಾವು ನೀರಿಗೆ ಇಳಿಯುವುದಿಲ್ಲ, ಕೆರೆ ಬದಿಯಲ್ಲಿ ನೆರಳುಂಟು, ಕೂತಿರ್ತೇವೆ’ ಅಂತ ದೊಡ್ಡದೊಂದು ಚೀಲ ಹೆಗಲಿಗೆ ಹಾಕಿಕೊಂಡು ಆ ಕಡೆ ಹೋದರು. ಚೀಲದಲ್ಲಿ ಮಕ್ಕಳ ಬಟ್ಟೆ ಇರಬೇಕು ಅಂದುಕೊಂಡೆ. ಮಕ್ಕಳ ಬಟ್ಟೆ ನನ್ನ ಕೈಯಲ್ಲೇ ಇತ್ತು ಅನ್ನುವುದು ಆಗ ನೆನಪಾಗಲಿಲ್ಲ.

ನೀರಿಗೆ ಬಿದ್ದ ಮೇಲೆ ಪ್ಲಾನು ತೇಲಿ ಹೋಯಿತು. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಮೂರು ದಿನ ಅರ್ಧ ಬಕೆಟ್ಟಿನಲ್ಲಿ ಮಿಂದ ಜೀವಗಳು ಅವು. ‘ಇನ್ನೊಂದೇ ಸಲ ಮಾವಾ’ ಅನ್ನುವುದು ಎಷ್ಟು ಸಲ ಬಂತೋ ಗೊತ್ತಿಲ್ಲ. ಒಂದು ಗಂಟೆಗೆ ನಾನು ಗಟ್ಟಿ ಮನಸ್ಸು ಮಾಡಿ ಮಕ್ಕಳನ್ನು ದಡಕ್ಕೆ ಎಳೆದೆ. ಭಾವ ಕಾಣಲಿಲ್ಲ. ನೋಡಿದರೆ ಜಾರುಬಂಡೆಯ ಏಣಿಯಲ್ಲಿ, ಹತ್ತು ವರ್ಷದ ಹುಡುಗರ ಸಾಲಿನ ಮಧ್ಯೆ, ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದಾರೆ. ಅವರನ್ನು ಕಂಡು ಮಕ್ಕಳು ಮತ್ತೆ ನೀರಿಗೆ ಹಾರಿದವು. ಹೆಂಡತಿ ಒಂದು ಸಲ ಗೇಟಿನ ಹತ್ತಿರ ಬಂದು ಕೈ ಬೀಸಿ ಕರೆದಳು. ನಾನೂ ಖುಷಿಯಿಂದ ಕೈ ಬೀಸಿದೆ. ಒಳಗೆ ತಿನ್ನಲು ಸಿಗುತ್ತಿತ್ತು. ‘ಸುಮ್ನೆ ಹೊಟ್ಟೆ ತುಂಬಿಸಿಕೊಳ್ಳಬೇಡಿ, ಮೀನಿಗೆ ಜಾಗ ಬೇಕು’ ಅಂತ ಎಲ್ಲರನ್ನೂ ತಡೆದವನು ನಾನೇ.

ಹೊರಗೆ ಬಂದಾಗ ಎರಡು ಮುಕ್ಕಾಲು. ಮಕ್ಕಳ ಬೆರಳು ಉಪ್ಪಿನಲ್ಲಿ ಹಾಕಿಟ್ಟ ಮಾವಿನಮಿಡಿಯ ಹಾಗೆ ಸುಕ್ಕಾಗಿದ್ದವು. ನೀರಿನ ಹಸಿವು ಬೇರೆ ಥರ. ಬಿಸಿಲಿನಲ್ಲಿ ನಡೆದಾಗ ಬರುವ ಹಸಿವು ಮೊದಲೇ ಹೇಳಿ ಬರುತ್ತದೆ. ಇದು ಟವೆಲ್ಲಿನಲ್ಲಿ ತಲೆ ಒರೆಸುತ್ತಿರುವಾಗ ಒಮ್ಮೆಲೇ ಹೊಟ್ಟೆಯ ತಳ ಕಿತ್ತುಕೊಂಡು ಹೋದ ಹಾಗೆ. ಪಾರ್ಕಿಂಗಿನಲ್ಲಿ ಗುರುತಿಲ್ಲದ ಒಂದು ಸಂಸಾರ ನನ್ನ ಹೆಂಡತಿಗೆ ‘ಬರ್ತೀವಿ ಅಕ್ಕಾ’ ಅಂತ ಪ್ರೀತಿಯಿಂದ ಕೈ ಬೀಸಿತು. ಅವರ ಮೂರು ಮಕ್ಕಳೂ ತೃಪ್ತಿಯಿಂದ ತೂಕಡಿಸುತ್ತಿದ್ದವು. ಎರಡು ಗಂಟೆಯಲ್ಲಿ ಈ ಹೆಂಗಸರು ಅದು ಹೇಗೆ ಇಷ್ಟು ಸ್ನೇಹ ಬೆಳೆಸುತ್ತಾರೋ ಅಂತ ಆಶ್ಚರ್ಯಪಟ್ಟೆ.

ಗಾಡಿ ಹೊರಟಿತು. ರಸ್ತೆಯ ಪ್ರತಿ ಹಂಪ್‌ಗೂ ಹಿಂದಿನಿಂದ ಟಣ್ ಅಂತ ಶಬ್ದ. ‘ಸೈಲೆನ್ಸರ್ ಸಡಿಲ ಆಗಿದೆ ಕಾಣ್ತದೆ, ಸೋಮವಾರ ಗ್ಯಾರೇಜಿಗೆ ಬಿಡಬೇಕು’ ಅಂದೆ. ಹಿಂದಿನ ಸೀಟಿನಿಂದ ಯಾರೂ ಏನೂ ಹೇಳಲಿಲ್ಲ.

ಗುರುಪುರದಲ್ಲಿ ಆಗ ಇದ್ದದ್ದು 1923ರ ಹಳೆಯ ಸೇತುವೆ. ಆ ಕಡೆಯ ಗಾಡಿ ದಾಟುವವರೆಗೆ ಈ ಕಡೆಯವರು ಕಾಯಬೇಕು. ಪಕ್ಕದಲ್ಲೇ ಹೊಸ ಸೇತುವೆಯ ಕೆಲಸ ನಡೆಯುತ್ತಿತ್ತು. ಅದು ತೆರೆದದ್ದು 2020ರ ಜೂನಿನಲ್ಲಿ. ಒಂದು ವರ್ಷ ಮೊದಲೇ ಹಸಿದದ್ದು ನಮ್ಮದೇ ತಪ್ಪು. ಭಾವ ಕಿಟಕಿಯಿಂದ ಕೆಳಗೆ ಹೊಳೆ ನೋಡುತ್ತಾ, ‘ಇದರಲ್ಲಿ ಮೀನು ಇರ್ತದಲ್ಲ?’ ಅಂತ ಕೇಳಿದರು.

ಜಗಲಿ ಹೋಟೆಲು ಮುಟ್ಟುವಾಗ ಮೂರು ಕಾಲು. ಬೆಂಚುಗಳನ್ನು ಗೋಡೆಗೆ ಒರಗಿಸಿ ಇಟ್ಟಾಗಿತ್ತು. ಒಬ್ಬರು ಹೆಂಗಸು ಜಗಲಿ ಗುಡಿಸುತ್ತಿದ್ದರು.

‘ಊಟ ಉಂಟಾ ಅಕ್ಕಾ?’

‘ಮುಗಿಂಡ್ ಅಣ್ಣಾ. ಎರಡೂವರೆಗೇ ಆಯ್ತಲ್ಲ.’

‘ಕುಚ್ಚಲು ಇಲ್ಲದಿದ್ರೆ ಬೆಳ್ತಿಗೆ ಆದ್ರೂ?’

‘ಎರಡೂ ಇಲ್ಲ.’

ಭಾವ ಮುಂದೆ ಬಂದು, ‘ಮೀನು?’ ಅಂದರು. ಆ ಒಂದು ಶಬ್ದದಲ್ಲಿ ದಾವಣಗೆರೆಯ ಹದಿನೈದು ವರ್ಷ ಇತ್ತು.

ಹೆಂಗಸಿಗೆ ಕನಿಕರ ಹುಟ್ಟಿರಬೇಕು. ಒಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬಂದರು. ‘ಸಾರು ಮಾತ್ರ ಉಂಟು.’

ಅನ್ನವಿಲ್ಲದೆ, ಮೀನಿಲ್ಲದೆ, ಬರೀ ಸಾರು. ಭಾವ ಒಂದು ಕ್ಷಣ ಯೋಚಿಸಿದರು ಅನ್ನುವುದು ಸತ್ಯ. ಅಕ್ಕ ಅವರ ತೋಳು ಹಿಡಿದು ಗಾಡಿಗೆ ಕರೆತಂದಳು.

ಪಾರ್ಕಿಗೆ ಹೋಗುವವರು ಒಂದು ವಿಷಯ ತಿಳಿದುಕೊಳ್ಳಬೇಕು. ನಮ್ಮ ಕಡೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಹೋಟೆಲುಗಳಿಗೆ ರಾಹುಕಾಲ. ಊಟ ಎದ್ದು ಹೋಗಿರುತ್ತದೆ, ತಿಂಡಿ ಇನ್ನೂ ಎದ್ದಿರುವುದಿಲ್ಲ. ಬಾಣಲೆಯೂ ಮಲಗಿರುತ್ತದೆ. ನೀರಿನಲ್ಲಿ ಆಡಿದವರು ಹೊರಗೆ ಬೀಳುವುದು ಸರಿಯಾಗಿ ಅದೇ ಹೊತ್ತಿಗೆ.

ವಾಪಸ್ ಬರುವ ದಾರಿಯಲ್ಲಿ ಒಂದು ‘ಫ್ಯಾಮಿಲಿ ರೆಸ್ಟೋರೆಂಟ್’ ಸಿಕ್ಕಿತು. ಹನ್ನೆರಡು ಪುಟದ ಮೆನು ಕೊಟ್ಟರು. ಮಕ್ಕಳು ಗೋಬಿ ಮಂಚೂರಿ ಅಂದವು, ಇಲ್ಲ. ಫ್ರೈಡ್ ರೈಸ್, ಇಲ್ಲ. ‘ಇರುವುದು ಎಂತ, ಅದನ್ನಾದರೂ ಹೇಳಿ’ ಅಂದೆ. ಹುಡುಗ ಸ್ವರ ತಗ್ಗಿಸಿ, ‘ಕುಕ್ ಮಲಗಿದ್ದಾರೆ ಸರ್. ನಾಲ್ಕೂವರೆಗೆ ಏಳ್ತಾರೆ’ ಅಂದ. ಎಬ್ಬಿಸುವುದು ಸರಿಯಲ್ಲ ಅಂತ ನನಗೂ ಅನಿಸಿತು.

ವಾಮಂಜೂರಿನ ಈಚೆ ಒಂದು ಸಸ್ಯಾಹಾರಿ ಹೋಟೆಲು. ಬಾಗಿಲು ತೆರೆದಿತ್ತು, ಫ್ಯಾನು ತಿರುಗುತ್ತಿತ್ತು. ಒಳಗೆ ನುಗ್ಗಿ ಕೂತೇಬಿಟ್ಟೆವು. ಕೂತ ಮೇಲೆ ಗೋಡೆಯ ಕಾಗದ ಕಂಡಿತು. ‘ನೀರಿನ ಅಭಾವದಿಂದ ಮಧ್ಯಾಹ್ನದ ಊಟ ಇರುವುದಿಲ್ಲ.’ ಗಲ್ಲೆಯ ಯಜಮಾನರು ಹತ್ತಿರ ಬಂದು, ‘ಪಾತ್ರೆ ತೊಳೀಲಿಕ್ಕೆ ನೀರಿಲ್ಲ ಮಾರಾಯ್ರೆ, ಎಂತ ಮಾಡುದು ಹೇಳಿ’ ಅಂದರು. ಅಷ್ಟರಲ್ಲಿ ಅವರ ಕಣ್ಣು ನೆಲಕ್ಕೆ ಹೋಯಿತು. ಮೂರು ಮಕ್ಕಳ ಜಡೆ, ಚಡ್ಡಿ, ಚೀಲದಿಂದ ಇಳಿದ ನೀರು ಮೇಜಿನ ಕೆಳಗೆ ಸಣ್ಣ ಕೆರೆಯಾಗಿತ್ತು. ಯಜಮಾನರು ಅದನ್ನೇ ನೋಡುತ್ತಾ, ‘ಇಷ್ಟು ನೀರು ಬೆಳಿಗ್ಗೆ ತಂದಿದ್ರೆ ಒಂದು ಪಲಾವ್ ಆದ್ರೂ ಆಗ್ತಿತ್ತು’ ಅಂದರು.

ಇಷ್ಟೆಲ್ಲ ಆಗುವಾಗ ಹೆಂಡತಿ ಒಂದು ಮಾತು ಆಡಿರಲಿಲ್ಲ. ಬೇರೆ ದಿನವಾದರೆ ಎರಡನೇ ಹೋಟೆಲಿಗೇ ನನ್ನ ಕಥೆ ಮುಗಿಯುತ್ತಿತ್ತು. ಅಕ್ಕನೂ, ‘ಪರವಾಗಿಲ್ಲ, ನಿಧಾನಕ್ಕೆ ಹುಡುಕು, ನಮಗೇನೂ ಅರ್ಜೆಂಟಿಲ್ಲ’ ಅಂದಳು. ಚಿಕ್ಕಂದಿನಲ್ಲಿ ಊಟ ಐದು ನಿಮಿಷ ತಡವಾದರೆ ತಟ್ಟೆ ಬಡಿಯುತ್ತಿದ್ದ ಅಕ್ಕ. ದಾವಣಗೆರೆ ಅವಳಿಗೆ ತಾಳ್ಮೆ ಕಲಿಸಿತು ಅಂತ ನನಗೆ ಕಣ್ಣು ತುಂಬಿ ಬಂತು. ಬಹುಶಃ ಹಸಿವಿಗೇ ಇರಬೇಕು.

ನಾಲ್ಕು ಕಾಲಿಗೆ, ರಸ್ತೆ ಬದಿಯ ಒಂದು ಗೂಡಂಗಡಿಯಲ್ಲಿ ಹೊಗೆ ಕಂಡಿತು. ಓಮ್ನಿ ತಾನಾಗಿಯೇ ನಿಂತಿತು ಅಂದರೂ ನಡೆಯುತ್ತದೆ. ಒಬ್ಬರು ವಯಸ್ಸಾದವರು ಬಾಣಲೆಯ ಮುಂದೆ ಕೂತು ಗೋಳಿಬಜೆ ಬಿಡುತ್ತಿದ್ದರು. ಹುಳಿ ಮಜ್ಜಿಗೆಯಲ್ಲಿ ಕಲಸಿದ ಮೈದಾ, ಅದರಲ್ಲಿ ಹಸಿಮೆಣಸು, ಶುಂಠಿ, ತೆಂಗಿನಕಾಯಿ ಚೂರು. ಐದು ಬೆರಳಿನಲ್ಲಿ ಹಿಟ್ಟು ಎತ್ತಿ ಹೆಬ್ಬೆರಳಿನಿಂದ ಒಂದು ತಳ್ಳು. ಉಂಡೆ ಎಣ್ಣೆಗೆ ಬಿದ್ದು ಮುಳುಗಿ, ಉಬ್ಬಿ ಮೇಲೆ ಬಂದು, ತಾನೇ ಮಗುಚಿಕೊಳ್ಳುತ್ತದೆ. ಬೆಳಿಗ್ಗೆ ನೀರಿನಲ್ಲಿ ಭಾವ ಮಾಡಿದ್ದೂ ಇದನ್ನೇ. ನಾವು ಐದು ಜನ ಬಾಣಲೆಯ ಸುತ್ತ ನಿಂತು ಒಂದೊಂದು ಉಂಡೆಗೂ ಲೆಕ್ಕ ಇಟ್ಟೆವು. ಪೇಪರ್ ತುಂಡಿನ ಮೇಲೆ ಬಿಸಿಬಿಸಿ ಬಂತು, ಪಕ್ಕಕ್ಕೆ ಕಾಯಿ ಚಟ್ನಿ. ಭಾವ ಮೊದಲನೆಯದನ್ನು ಹಾಗೇ ಬಾಯಿಗೆ ಹಾಕಿ, ನಾಲಿಗೆ ಸುಟ್ಟುಕೊಂಡು, ಕಣ್ಣೀರು ಸುರಿಸುತ್ತಲೇ ಎರಡನೆಯದಕ್ಕೆ ಕೈ ಹಾಕಿದರು. ಮೀನಿನ ಹೆಸರು ಆಮೇಲೆ ಬರಲಿಲ್ಲ. ನಾಲ್ಕು ಬಾಣಲೆ ಖಾಲಿಯಾಯಿತು. ಹೆಂಡತಿ, ಅಕ್ಕ ತಲಾ ಎರಡು ತಿಂದು ‘ಸಾಕು’ ಅಂದರು.

‘ಅತ್ತೆಗೆ ಹತ್ತು ಕಟ್ಟಿಸುವ’ ಅಂತ ಹೆಂಡತಿ ಗಾಡಿಯ ಹಿಂದಿನಿಂದ ಆ ದೊಡ್ಡ ಚೀಲ ತಂದಳು. ತರುವಾಗ ಟಣ್ ಅಂತ ಶಬ್ದ. ನನ್ನ ಸೈಲೆನ್ಸರಿನದೇ ಶಬ್ದ. ಚೀಲದಿಂದ ದೊಡ್ಡ ಸ್ಟೀಲಿನ ಡಬ್ಬಿ ಹೊರಗೆ ಬಂತು. ಮುಚ್ಚಳ ತೆಗೆದರೆ ಅಂಚಿನಲ್ಲಿ ನಾಲ್ಕು ಅಗಳು ಮೊಸರನ್ನ, ತಳದಲ್ಲಿ ಚೀಪಿ ಬಿಟ್ಟ ಮಾವಿನಮಿಡಿಯ ಎರಡು ಗೊರಟು.

ನಾನೂ ಭಾವನೂ ಡಬ್ಬಿಯನ್ನು ನೋಡಿದೆವು.

‘ಎಲ್ಲರಿಗೂ ಅಂತಲೇ ಕಲಸಿದ್ದು’ ಅಂದಳು ಹೆಂಡತಿ. ‘ಗೇಟಿನ ಹತ್ತಿರ ಬಂದು ಕರೆದೆ. ನೀವು ಟಾಟಾ ಮಾಡಿದ್ರಿ. ಈ ಸೆಕೆಗೆ ಮೊಸರನ್ನ ಹುಳಿ ಬರ್ತದೆ, ಮತ್ತೆ ಎಂತ ಮಾಡುದು? ಉಳಿದದ್ದನ್ನು ಪಕ್ಕದಲ್ಲಿ ಕೂತ ಹಾಸನದವರ ಮಕ್ಕಳಿಗೆ ಹಾಕಿದೆವು. ಪಾಪ, ತುಂಬಾ ಹಸಿದಿದ್ದವು.’

‘ಚೂರೂ ಬಿಡಲಿಲ್ಲ’ ಅಂದಳು ಅಕ್ಕ, ಮೆಚ್ಚಿಕೊಂಡು.

ಅಂಗಡಿಯವರು ಗೋಳಿಬಜೆ ತುಂಬಲು ಡಬ್ಬಿಗೆ ಕೈ ಚಾಚಿದರು. ಒಳಗೆ ನೋಡಿ ವಾಪಸ್ ಕೊಟ್ಟರು.

‘ಇದನ್ನು ತೊಳೀಬೇಕಲ್ಲ ಅಕ್ಕಾ. ನೀರಿಲ್ಲ.’